ಇನ್ನೂರ ಹದಿನಾಲ್ಕನೆಯ ಕೋಟು

ಟಾರ್ಟು ಊರು, ನವೆಂಬರ್, ನದಿದಂಡೆಯ ಸಭಾಭವನ.
ಹಿಂದಿನ ಗೋಡೆಗೆ ಅಂಟಿಕೊಂಡ ಗಾಜಿನ ಗೂಡಿನಲ್ಲಿ
ನಾನು ಮತ್ತು ಉರ್ವೆ.
ಅರ್ಧ ಗಂಟೆ ಅವಳು, ಅರ್ಧ ಗಂಟೆ ನಾನು,
ನಡುವೆ ಒಂದು ನೀರಿನ ಹೂಜಿ, ಕೆಮ್ಮಿನ ಗುಳಿಗೆ.
ಹನ್ನೊಂದು ವರ್ಷದಿಂದ ಇದೇ ಸಮ್ಮೇಳನ,
ಇದೇ ವಿಷಯ: ಪ್ರಕಾಶನದ ನಾಳೆ.

ದುಭಾಷಿಯ ಪಾಡು ಗೊತ್ತಲ್ಲ,
ಅವರು 'ನಾನು' ಅಂದರೆ ನಾನೂ 'ನಾನು' ಅನ್ನಬೇಕು.
ಹಾಗಾಗಿ ಪುಸ್ತಕ ಸತ್ತಿತೆಂದು
ಈ ಬಾಯಿಂದಲೇ ನಾಲ್ಕು ಸಲ ಸಾರಿದ್ದೇನೆ.
ಎರಡು ಸಲ ಎಬ್ಬಿಸಿ ಕೂರಿಸಿದ್ದೇನೆ.
ಒಂದು ವರ್ಷ, ಓದುಗನೇ ದೊರೆ, ಅಂದೆ.
ಮರುವರ್ಷ, ಓದುಗ ಎಂಬ ಮಾತೇ ಹಳತು,
ಬಳಕೆದಾರ ಅನ್ನಿ, ಅಂದೆ.
ಭವಿಷ್ಯ ಯಾರದೋ, ಗಂಟಲು ನನ್ನದು.
ರಾತ್ರಿ ಬಿಸಿನೀರು, ಒಂದು ಚಿಟಿಕೆ ಉಪ್ಪು.

ಈ ಸಲ ಉಟ್ರೆಕ್ಟಿನಿಂದ ಟೈಸ್ ವೆರ್ಹೂಫ್ ಬಂದಿದ್ದರು.
ಕೆಂಪು ಗೆರೆಯೊಂದು ಪರದೆ ಹತ್ತಿ,
ಚೌಕಟ್ಟು ದಾಟಿ, ಸೂರಿನತ್ತ ಹೊರಟಿತ್ತು.
'ಐದು ವರ್ಷ, ಹೆಚ್ಚೆಂದರೆ' ಎಂದರು.
ಹೆಚ್ಚೆಂದರೆ, ಎಂದೆ ನಾನೂ.
ಮೊದಲ ಸಮ್ಮೇಳನದಲ್ಲೂ ಐದೇ ಇತ್ತು.
ನನಗೆ ಕನ್ನಡಕ ಬಂತು, ಉರ್ವೆಗೆ ಮೊಮ್ಮಗಳು ಬಂದಳು,
ಆ ಐದಕ್ಕೆ ಮಾತ್ರ ಆರು ತುಂಬಲೇ ಇಲ್ಲ.
ಕೂಸು ಹುಟ್ಟಿಲ್ಲ ಇನ್ನೂ, ಕುಲಾವಿಗೆ ಕೊರತೆಯಿಲ್ಲ:
ವರ್ಷಕ್ಕೊಂದರಂತೆ ಅವರು ಕೊಟ್ಟ ಬಟ್ಟೆಚೀಲ
ಹನ್ನೊಂದಿವೆ ನನ್ನ ಅಡುಗೆಮನೆಯಲ್ಲಿ.
ಆಲೂಗೆಡ್ಡೆ ಇಡಲು ಚೆನ್ನಾಗಿವೆ.

ಸುಳ್ಳು ಹೇಳಬಾರದು.
ಏಳನೆಯ ವರ್ಷ, ಊಟದ ಸರದಿಯಲ್ಲಿ,
ವೊರು ನುಡಿಯ ಶಾಲಾ ಮೇಡಂ ಒಬ್ಬರು,
ಲೀಗಾ ಪಟ್ಟಣದ ಮುದ್ರಕ ಐಗರ್ಸ್ ಒಬ್ಬ,
ಇಬ್ಬರ ಕೈಯಲ್ಲೂ ಬೀಟ್‌ರೂಟ್ ಸೂಪು.
ಆಕೆಗೆ ಮುನ್ನೂರು ಪ್ರತಿ ಬೇಕಿತ್ತು, ಅಷ್ಟೇ.
ಅವನು ಕಾಗದದ ಕರವಸ್ತ್ರದ ಮೇಲೆ ಲೆಕ್ಕ ಬರೆದ,
ಒದ್ದೆಯಾಗಿ ಏಳು ಒಂದರಂತೆ ಕಂಡಿತು,
ನಾನು ನಡುವೆ ನಿಂತು ಬಿಟ್ಟಿಯಾಗಿ ತಿದ್ದಿದೆ.
ವಸಂತದಲ್ಲಿ ಅಂಚೆಗೆ ಬಂತು ಒಂದು ಪ್ರತಿ,
ಮಕ್ಕಳ ಒಗಟುಗಳು, ಹಸಿ ಮಸಿಯ ವಾಸನೆ.
ಇಷ್ಟು ವರ್ಷ ನಾನು ಅನುವಾದಿಸಿದ ಮಾತುಗಳಲ್ಲಿ
ಮನೆತನಕ ನಡೆದುಬಂದದ್ದು ಅದೊಂದೇ.
ಆ ಹೊತ್ತು ವೇದಿಕೆಯ ಮೇಲೆ ಏನು ನಡೆದಿತ್ತೋ,
ಉರ್ವೆಯನ್ನು ಕೇಳಬೇಕು. ಅವಳಿಗೂ ನೆನಪಿಲ್ಲ.

ಸಂಜೆ ಕೋಟುಮನೆಯ ಮುಂದೆ ನೂಕುನುಗ್ಗಲು.
ಹೊರಗೆ ಹಿಮವೂ ಅಲ್ಲದ ಮಳೆಯೂ ಅಲ್ಲದ ರಾಡಿ.
ವೆರ್ಹೂಫ್ ಹಿತ್ತಾಳೆಯ ಬಿಲ್ಲೆ ಚಾಚಿದರು: ೨೧೪.
ಗೂಟಗಳಲ್ಲಿ ೨೧೩ ಇತ್ತು, ೨೧೫ ಇತ್ತು,
ನಡುವೆ ಹೆಸರಿಲ್ಲದ ಒಂದು ಕಪ್ಪು ಕೋಟು.
ನಂಬರಿಲ್ಲದ ಕೋಟು ಕೊಡುವಂತಿಲ್ಲ, ನಿಯಮ.
ಹೆಲ್ಯು ಎಂಬ ಆ ಹೆಂಗಸು ಹಣೆ ಚಚ್ಚಿಕೊಂಡಳು,
ಮೇಜಿನಡಿಯಿಂದ ದಪ್ಪ ಪುಸ್ತಕವೊಂದನ್ನೆತ್ತಿದಳು,
ರಟ್ಟು ಹರಿದದ್ದು, ಗ್ರಂಥಾಲಯದ ಮುದ್ರೆಯದ್ದು.
ಗೂಟದ ಬಿಲ್ಲೆ ಒಳಗಿತ್ತು, ಪುಟದ ಗುರುತಾಗಿ.

ತೆಗೆಯಲೆಂದೇ ತೆರೆದಳು.
ಆಮೇಲೆ ಕಣ್ಣು ಕೆಳಗಿಳಿಯಿತು,
ತುಟಿ ಸಣ್ಣಗೆ ಅಲುಗತೊಡಗಿತು.

ಅವರು ನನ್ನತ್ತ ತಿರುಗಿದರು: ಏನಂತೆ?
ಆಕೆ ತಲೆಯೆತ್ತದೆ ಗೊಣಗಿದ್ದನ್ನು
ವೃತ್ತಿಧರ್ಮಕ್ಕೆ ಚ್ಯುತಿಯಿಲ್ಲದಂತೆ ದಾಟಿಸಿದೆ:
'ಒಂದು ನಿಮಿಷ ತಡೀರಿ,
ನಾನು ಈ ಪುಟ ಮುಗಿಸಿಬಿಡ್ತೇನೆ.'
ಹನ್ನೊಂದು ವರ್ಷದಲ್ಲಿ ಬಾಯಿಗೆ ಒಗ್ಗಿದ 'ನಾನು'
ಇದೊಂದೇ ಇರಬೇಕು.

ಹಿಂದೆ ಸಾಲು ಬೆಳೆಯಿತು. ಯಾರೋ ಕೆಮ್ಮಿದರು.
ಹೆಲ್ಯು ಬೆರಳಿಗೆ ಎಂಜಲು ಹಚ್ಚಿ
ಇನ್ನೊಂದು ಪುಟ ತಿರುವಿದಳು.
ವೆರ್ಹೂಫ್ ಬರಿಯ ಅಂಗಿಯಲ್ಲಿ ಮೇಜಿಗೆ ಮೊಣಕೈಯೂರಿ
ಕತ್ತು ವಾಲಿಸಿದರು,
ತಮಗೆ ತಿಳಿಯದ ನುಡಿಯನ್ನು
ತಲೆಕೆಳಗಾಗಿ
ಓದಲು ನೋಡುತ್ತ.